ಒಂದು ಪದ, ಮೂರು ತಗ್ಗು

“ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ, ಇನ್ನೆರಡು ದಿನ ಮಳೆಯಾಗುವ ಸಂಭವವಿದೆ” ಎಂಬ ಮಾತನ್ನು ವಾರ್ತೆಯ ಕೊನೆಯಲ್ಲಿ ಕೇಳದ ಕನ್ನಡಿಗರಿಲ್ಲ. ಅದನ್ನು ಕೇಳಿದೊಡನೆ ಮನೆಯೊಡತಿ ಮಾಳಿಗೆಯ ಮೇಲೆ ಹರವಿದ ಸಂಡಿಗೆಯನ್ನು ಒಳಗೆ ಸೇರಿಸುವಳು; ಯಜಮಾನರು ಮೂಲೆಯಲ್ಲಿದ್ದ ಕೊಡೆಯನ್ನು ಹುಡುಕುವರು. ಅದೇ ಮನೆಯ ಮಗಳು ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕವನ್ನು ತೆರೆದರೆ ಅಲ್ಲಿ ೧೯೨೯ರ ‘ಗ್ರೇಟ್ ಡಿಪ್ರೆಷನ್’ ಎಂಬ ಮಹಾ ಮುಗ್ಗಟ್ಟಿನ ಅಧ್ಯಾಯ. ಅವಳ ತಮ್ಮನ ಭೂಪಟದಲ್ಲಿ ಈಜಿಪ್ಟಿನ ಮರುಭೂಮಿಯ ನಡುವೆ ‘ಕತ್ತಾರಾ ಡಿಪ್ರೆಷನ್’ ಎಂಬ ಹೆಸರು. ಹವಾಮಾನದ ಕಚೇರಿಯವರು ವಾಯುಭಾರ ಕುಸಿತವೆಂದು ನಮಗೆ ತಿಳಿಸುವುದೂ ಇಂಗ್ಲಿಷಿನಲ್ಲಿ ಇದೇ ‘ಡಿಪ್ರೆಷನ್’. ಪೇಟೆಗೂ ಗಾಳಿಗೂ ನೆಲಕ್ಕೂ ಒಂದೇ ಹೆಸರು ಹೇಗೆ ಅಂಟಿಕೊಂಡಿತು?

ಪದದ ಹುಟ್ಟು ಸರಳವಾದುದೇ. ಲ್ಯಾಟಿನ್ ಭಾಷೆಯಲ್ಲಿ ‘ಕೆಳಕ್ಕೆ ಒತ್ತು’ ಎಂಬ ಅರ್ಥವುಳ್ಳ ಧಾತುವಿನಿಂದ ಅದು ಬಂದಿದೆ. ಮೇಲೆ ಇರಬೇಕಾದುದು ಕೆಳಗೆ ಇಳಿದಿದ್ದರೆ ಅದೊಂದು ‘ಡಿಪ್ರೆಷನ್’. ಮನಸ್ಸು ಕುಸಿದಾಗಲೂ ವೈದ್ಯರು ಈ ಪದವನ್ನೇ ಬಳಸುವರು. ಆದರೆ ಖಿನ್ನತೆಯ ವಿಷಯ ಬೇರೆಯೇ ಒಂದು ಲೇಖನಕ್ಕೆ ತಕ್ಕುದಾದ್ದರಿಂದ ಅದನ್ನು ಇಲ್ಲಿ ಬಿಡೋಣ. ಕನ್ನಡವು ಈ ಎಡೆಗಳಲ್ಲಿ ಇಂಗ್ಲಿಷಿಗಿಂತ ಉದಾರವಾಗಿದೆ. ಪೇಟೆಯದು ಮುಗ್ಗಟ್ಟು, ಗಾಳಿಯದು ವಾಯುಭಾರ ಕುಸಿತ, ನೆಲದ್ದು ತಗ್ಗು. ಮೂರಕ್ಕೂ ಬೇರೆ ಬೇರೆ ಹೆಸರಿರುವುದು ಲೇಸೇ ಆಯಿತೆನ್ನಬೇಕು. ಏಕೆಂದರೆ ಹೆಸರು ಒಂದೇ ಆದುದರಿಂದ ಗುಣವೂ ಒಂದೇ ಎಂದು ನಂಬಿದವರು ಲೋಕದಲ್ಲಿ ಇದ್ದರು. ಆ ನಂಬಿಕೆಗೆ ಕೋಟ್ಯಂತರ ಜನ ಬೆಲೆ ತೆರಬೇಕಾಯಿತು.

ಪಾದರಸ ಇಳಿದಾಗ

ಗಾಳಿಗೂ ಭಾರವಿದೆಯೆಂಬುದನ್ನು ತೋರಿಸಿಕೊಟ್ಟವನು ಇಟಲಿಯ ಟಾರಿಚೆಲ್ಲಿ. ೧೬೪೩ರಲ್ಲಿ ಅವನು ಒಂದು ತುದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಪಾದರಸವನ್ನು ತುಂಬಿ, ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ, ರಸವು ಪೂರ್ತಿ ಸುರಿದುಹೋಗದೆ ಸುಮಾರು ೭೬ ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಬಟ್ಟಲನ್ನು ಮೇಲಿನಿಂದ ಒತ್ತುತ್ತಿದ್ದ ಗಾಳಿಯೇ ಅದನ್ನು ಎತ್ತಿ ಹಿಡಿದಿತ್ತು. ೧೬೬೦ರಲ್ಲಿ ಜರ್ಮನಿಯ ಮಾಗ್ಡೆಬರ್ಗ್ ಪಟ್ಟಣದ ಮೇಯರ್ ಓಟೋ ಫಾನ್ ಗೆರಿಕೆ ತನ್ನ ಮಾಪಕದ ಮಟ್ಟ ತಟ್ಟನೆ ಇಳಿದುದನ್ನು ಕಂಡು, ದೊಡ್ಡ ಬಿರುಗಾಳಿ ಬರಲಿದೆಯೆಂದು ಮುಂಚಿತವಾಗಿ ಹೇಳಿದನು; ಅದು ನಿಜವೂ ಆಯಿತು.

ಇಲ್ಲಿ ಒಂದು ವಿನೋದವಿದೆ. ‘ಕೆಳಕ್ಕೆ ಒತ್ತು’ ಎಂಬ ಹೆಸರನ್ನು ಹೊತ್ತ ಗಾಳಿಯ ತಗ್ಗಿನಲ್ಲಿ ನಿಜವಾಗಿ ಒತ್ತಡ ಕಡಿಮೆ! ಅಲ್ಲಿ ಗಾಳಿ ಮೇಲಕ್ಕೇರುತ್ತಿರುತ್ತದೆ. ತಗ್ಗಿದುದು ಗಾಳಿಯಲ್ಲ, ಕೊಳವೆಯಲ್ಲಿದ್ದ ಪಾದರಸ. ಮಾಪಕದ ಕುಸಿತಕ್ಕೆ ಇಟ್ಟ ಹೆಸರು ಕ್ರಮೇಣ ಹವೆಗೇ ಅಂಟಿಕೊಂಡಿತು.

ಸಮುದ್ರದ ನೀರು ಬಿಸಿಯಾಗಿ, ಅದರ ಮೇಲಿನ ತೇವದ ಗಾಳಿ ಹಗುರವಾಗಿ ಏರತೊಡಗಿದಾಗ ಅಲ್ಲಿ ಒತ್ತಡ ಇಳಿಯುತ್ತದೆ. ಆ ತೆರಪನ್ನು ತುಂಬಲು ಸುತ್ತಲಿನ ಗಾಳಿ ಧಾವಿಸುತ್ತದೆ. ಆದರೆ ಭೂಮಿ ತಿರುಗುತ್ತಿರುವುದರಿಂದ ನೇರವಾಗಿ ನುಗ್ಗಲಾರದೆ, ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತ ಒಳಬರುತ್ತದೆ. ಹಾಲೆಂಡಿನ ಬೈಸ್ ಬಾಲಟ್ ೧೮೫೭ರಲ್ಲಿ ಇದಕ್ಕೊಂದು ಸುಲಭ ಸೂತ್ರವನ್ನು ಕೊಟ್ಟನು: ಗಾಳಿಗೆ ಬೆನ್ನು ಮಾಡಿ ನಿಂತರೆ, ಒತ್ತಡದ ತಗ್ಗು ನಿಮ್ಮ ಎಡಗಡೆಗೆ ಇರುತ್ತದೆ. ಬೀದಿಯಲ್ಲಿ ನಿಂತು ಈ ಪರೀಕ್ಷೆ ಮಾಡಲು ಹೋದರೆ ಮನೆಗಳ ಸಂದಿಯ ಗಾಳಿ ಮೋಸ ಮಾಡೀತು. ಹಡಗಿನ ನಾವಿಕನಿಗೆ ಮಾತ್ರ ಇದು ಪ್ರಾಣ ಉಳಿಸುವ ವಿದ್ಯೆ.

ಇಂಥ ಸುತ್ತುಗಾಳಿಗೆ ‘ಸೈಕ್ಲೋನ್’ ಎಂಬ ಹೆಸರು ಹುಟ್ಟಿದುದು ಕಲಕತ್ತೆಯಲ್ಲಿ. ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್ ೧೮೪೮ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಪದದಿಂದ ಅದನ್ನು ಮಾಡಿಕೊಂಡನು. ೧೮೬೪ರಲ್ಲಿ ಅದೇ ಕಲಕತ್ತೆಯನ್ನು ಚಂಡಮಾರುತ ಧ್ವಂಸಗೊಳಿಸಿತು. ಮುಂದೆ ೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಈ ಇಲಾಖೆಯ ಲೆಕ್ಕದಲ್ಲಿ ಪ್ರತಿಯೊಂದು ಹೆಸರಿಗೂ ಖಚಿತವಾದ ಅಳತೆಯಿದೆ. ಗಾಳಿಯ ವೇಗ ಗಂಟೆಗೆ ೩೧ ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಅದು ಬರಿಯ ಕಡಿಮೆ ಒತ್ತಡದ ಪ್ರದೇಶ. ಅಲ್ಲಿಂದ ಸುಮಾರು ೫೦ರ ವರೆಗೆ ವಾಯುಭಾರ ಕುಸಿತ. ೬೧ರ ವರೆಗೆ ತೀವ್ರ ವಾಯುಭಾರ ಕುಸಿತ. ೬೨ನ್ನು ಮುಟ್ಟಿತೆಂದರೆ ಚಂಡಮಾರುತ. ೨೦೦೪ರಿಂದ ಈಚೆಗೆ ಇಂಥವುಗಳಿಗೆ ನಾಮಕರಣವೂ ಉಂಟು.

ವಾಯುಭಾರ ಕುಸಿತವೆಂದರೆ ಕೇಡೆಂದೇ ತಿಳಿಯಬೇಕಾದುದಿಲ್ಲ. ಮುಂಗಾರಿನಲ್ಲಿ ಬಂಗಾಳ ಕೊಲ್ಲಿಯ ನೆತ್ತಿಯಲ್ಲಿ ಹುಟ್ಟಿ ಒರಿಸ್ಸಾ, ಮಧ್ಯಪ್ರದೇಶಗಳ ಮೇಲೆ ಹಾಯುವ ಕುಸಿತಗಳು ಉತ್ತರದ ಹೊಲಗಳಿಗೆ ಅನ್ನದಾತರು. ಹಿಂಗಾರಿನಲ್ಲಿ ಮದ್ರಾಸಿನ ಕರಾವಳಿಗೆ ತಾಗುವ ಕುಸಿತಗಳಿಲ್ಲದಿದ್ದರೆ ಕೋಲಾರ, ಬೆಂಗಳೂರು, ತುಮಕೂರು ಕಡೆಯ ಕೆರೆಗಳು ಎಷ್ಟೋ ವರ್ಷ ಬರಿದಾಗಿಯೇ ಉಳಿದಾವು. ಅತಿಯಾದರೆ ಮಾತ್ರ ಅನಾಹುತ. ೧೯೯೯ರ ಅಕ್ಟೋಬರ್ ೨೯ರಂದು ಒರಿಸ್ಸಾದ ತೀರವನ್ನು ಹೊಕ್ಕ ಮಹಾ ಚಂಡಮಾರುತದ ನಡುವೆ ಒತ್ತಡವು ೯೧೨ ಮಿಲಿಬಾರಿಗೆ ಇಳಿದಿತ್ತೆಂದು ಅಂದಾಜು. ಸಾಮಾನ್ಯ ಒತ್ತಡವು ಸುಮಾರು ೧೦೧೩. ಅಂದರೆ ಟಾರಿಚೆಲ್ಲಿಯ ಕೊಳವೆಯಲ್ಲಿ ಪಾದರಸವು ಏಳೂವರೆ ಸೆಂಟಿಮೀಟರ್ ಜಗ್ಗಿದಂತೆ. ಹತ್ತರಲ್ಲಿ ಒಂದು ಪಾಲು ತಗ್ಗಿದುದಕ್ಕೆ ಸುಮಾರು ಹತ್ತು ಸಾವಿರ ಜನರ ಪ್ರಾಣ ಹೋಯಿತು.

ಆದರೆ ಆ ತಗ್ಗು ಹೆಚ್ಚು ದಿನ ಉಳಿಯಲಿಲ್ಲ. ನೆಲದ ಮೇಲೆ ಬಂದ ಚಂಡಮಾರುತಕ್ಕೆ ಕಡಲಿನ ಬಿಸಿ ತೇವ ದೊರೆಯದು. ಸುತ್ತಲಿನ ಗಾಳಿ ಒಳನುಗ್ಗಿ ಒತ್ತಡವನ್ನು ಸರಿದೂಗಿಸುತ್ತದೆ. ಹವಾಮಾನ ಶಾಸ್ತ್ರಜ್ಞರು ಇದನ್ನು ಕುಸಿತವು ‘ತುಂಬಿಕೊಂಡಿತು’ ಎಂದೇ ಹೇಳುವರು. ಗಾಳಿಯ ತಗ್ಗನ್ನು ತುಂಬಲು ಯಾರ ಅಪ್ಪಣೆಯೂ ಬೇಡ.

ನೆಲ ಕುಗ್ಗಿದಲ್ಲಿ

ನೆಲದ ತಗ್ಗಿನ ಸ್ವಭಾವ ಇದಕ್ಕಿಂತ ನಿಧಾನ. ಸುತ್ತಲೂ ಎತ್ತರವಿದ್ದು ನಡುವೆ ಇಳಿದ, ನೀರು ಹರಿದುಹೋಗಲು ದಾರಿಯಿಲ್ಲದ ಜಾಗಕ್ಕೆ ಭೂಗೋಳದವರು ಈ ಹೆಸರನ್ನು ಕೊಡುವರು. ಭೂಮಿಯ ಪದರಗಳು ಬಿರಿದು ನಡುವಣ ಭಾಗ ಜಾರಿದರೆ ಮೃತ ಸಮುದ್ರದಂಥ ತಗ್ಗು. ಗಾಳಿಯು ಯುಗಯುಗಗಳ ಕಾಲ ಮರಳನ್ನು ಕೊರೆದು ಒಯ್ದರೆ ಕತ್ತಾರಾದಂಥ ತಗ್ಗು. ಆಕಾಶದಿಂದ ಉಲ್ಕೆ ಬಿದ್ದರೆ ಮಹಾರಾಷ್ಟ್ರದ ಲೋಣಾರಿನಂಥ ಕುಳಿ.

ಕತ್ತಾರಾದ ತಳವು ಸಮುದ್ರಮಟ್ಟಕ್ಕಿಂತ ೧೩೩ ಮೀಟರ್ ಕೆಳಗಿದೆ. ಉಪ್ಪಿನ ಕೆಸರು, ಸಡಿಲ ಮರಳು. ಭಾರದ ವಾಹನಗಳು ದಾಟಲಾರವು. ೧೯೪೨ರಲ್ಲಿ ಎಲ್ ಅಲಮೀನ್ ಬಳಿ ಜರ್ಮನಿಯ ಸೇನಾನಿ ರೊಮೆಲ್ ಬ್ರಿಟಿಷರ ಸೇನೆಯನ್ನು ಬಳಸಿ ಹಿಂದಿನಿಂದ ಹೊಡೆಯಲಾಗದೆ ಹೋದುದಕ್ಕೆ ಈ ತಗ್ಗೂ ಒಂದು ಕಾರಣ. ಉತ್ತರಕ್ಕೆ ಕಡಲು, ದಕ್ಷಿಣಕ್ಕೆ ಕತ್ತಾರಾ. ನಡುವೆ ಇದ್ದುದು ಇಕ್ಕಟ್ಟಾದ ದಾರಿ. ಯುದ್ಧಕ್ಕೆ ಮೊದಲೇ ಜಾನ್ ಬಾಲ್ ಎಂಬ ಭೂಗರ್ಭಶಾಸ್ತ್ರಜ್ಞನಿಗೆ ಇನ್ನೊಂದು ಯೋಚನೆ ಹೊಳೆದಿತ್ತು. ಮೆಡಿಟರೇನಿಯನ್ ಸಮುದ್ರದಿಂದ ಒಂದು ಕಾಲುವೆಯನ್ನು ಕೊರೆದರಾಯಿತು, ನೀರು ತಾನಾಗಿ ತಗ್ಗಿಗೆ ಧುಮುಕೀತು, ಆ ಧುಮುಕಿನಿಂದ ವಿದ್ಯುತ್ತನ್ನು ತೆಗೆಯಬಹುದು ಎಂದು. ಮುಂದೆ ಬಂದ ಜರ್ಮನ್ ಎಂಜಿನಿಯರರು ಕಾಲುವೆ ತೋಡಲು ಅಣುಸ್ಫೋಟಗಳನ್ನೇ ಬಳಸೋಣವೆಂದರು! ಯೋಜನೆ ಕೈಗೂಡಲಿಲ್ಲವೆಂಬುದು ಬೇರೆ ಮಾತು. ದಾರಿ ಕೊಟ್ಟರೆ ನೀರು ತಗ್ಗಿಗೇ ಹರಿಯುವುದೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ದಾರಿಯನ್ನು ಕಟ್ಟಿದರೆ ಏನಾಗುವುದೆಂಬುದಕ್ಕೆ ಮೃತ ಸಮುದ್ರ ಸಾಕ್ಷಿ. ಅದರ ದಡವು ಸಮುದ್ರಮಟ್ಟಕ್ಕಿಂತ ೪೩೦ ಮೀಟರಿಗೂ ಹೆಚ್ಚು ಕೆಳಗಿದ್ದು, ಭೂಮಿಯ ಮೇಲೆ ಒಣನೆಲದ ಅತ್ಯಂತ ತಗ್ಗಾದ ಜಾಗವೆನಿಸಿದೆ. ಜೋರ್ಡಾನ್ ನದಿ ಅದರೊಳಕ್ಕೆ ಬೀಳುತ್ತಿತ್ತು. ಒಳಬಂದ ನೀರು ಬಿಸಿಲಿಗೆ ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತಿತ್ತು. ೧೯೬೦ರ ದಶಕದಿಂದ ಇಸ್ರೇಲ್, ಜೋರ್ಡಾನ್, ಸಿರಿಯಾ ದೇಶಗಳು ನದಿಯ ನೀರನ್ನು ಮೇಲೆಯೇ ತಿರುಗಿಸಿಕೊಂಡವು. ಅಂದಿನಿಂದ ಈ ಕಡಲಿನ ಮಟ್ಟ ನಾಲ್ವತ್ತು ಮೀಟರಿಗೂ ಮಿಕ್ಕು ಇಳಿದಿದೆ. ಈಗಲೂ ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಿದೆ. ದಂಡೆಯಲ್ಲಿ ನೆಲ ಬಾಯಿ ತೆರೆದು ಸಾವಿರಾರು ಗುಳಿಗಳು ಬಿದ್ದಿವೆ. ತಗ್ಗಿಗೆ ಬರಬೇಕಾದುದನ್ನು ಎತ್ತರದಲ್ಲಿದ್ದವರು ತಡೆದರೆ ತಗ್ಗು ಇನ್ನೂ ಆಳವಾಗುವುದೆಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ತಗ್ಗನ್ನು ಬಾಳಿಗೆ ಒಗ್ಗಿಸಿಕೊಂಡವರೂ ಇದ್ದಾರೆ. ಕೇರಳದ ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿವೆ. ಸುತ್ತಲೂ ಕಟ್ಟೆ ಹಾಕಿ, ನೀರನ್ನು ಹೊರಹಾಯಿಸಿ, ರೈತರು ಬತ್ತ ಬೆಳೆಯುವರು. ನಮ್ಮ ನಾಡಿನ ಹಿರಿಯರು ಇದಕ್ಕೆ ತಿರುವುಮುರುವಾದ ಕೆಲಸ ಮಾಡಿದರು. ನೀರು ಎಲ್ಲಿ ಇಳಿಯುವುದೆಂದು ನೋಡಿ ಅಲ್ಲಿಯೇ ಏರಿ ಹಾಕಿ ಕೆರೆ ಕಟ್ಟಿದರು. ಒಂದರ ಕೋಡಿ ಮತ್ತೊಂದರ ಒಡಲಿಗೆ ಬೀಳುವಂತೆ ಸಾಲುಗೆರೆಗಳನ್ನು ಜೋಡಿಸಿದರು. ಕರ್ನಾಟಕದಲ್ಲಿ ಇಂಥ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬೆಂಗಳೂರಿನಲ್ಲಿ ಮಾತ್ರ ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳ ಕಂಠೀರವ ಕ್ರೀಡಾಂಗಣವಾಯಿತು. ೨೦೨೨ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಸಿರಿವಂತರ ಬಡಾವಣೆಗಳಲ್ಲಿಯೂ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಬೇಕಾಯಿತು. ತಗ್ಗು ಎಲ್ಲಿತ್ತೆಂಬುದನ್ನು ಮನುಷ್ಯ ಮರೆತರೂ ನೀರು ಮರೆಯಲಿಲ್ಲ.

ಹಣ ಹರಿಯದ ತಗ್ಗು

ಇನ್ನು ಮೂರನೆಯ ತಗ್ಗು. ವ್ಯಾಪಾರ ನೆಲ ಕಚ್ಚುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಅಮೆರಿಕನರು ‘ಪ್ಯಾನಿಕ್’ ಎಂದು ಹೆಸರಿಟ್ಟಿದ್ದರು, ಅಂದರೆ ಗಾಬರಿ. ೧೮೩೭, ೧೮೭೩, ೧೯೦೭ರ ಮುಗ್ಗಟ್ಟುಗಳೆಲ್ಲ ಆ ಹೆಸರಿನವೇ. ಆ ಪದ ಕೇಳಿಯೇ ಜನ ಗಾಬರಿಗೊಳ್ಳುವರೆಂದೋ ಏನೋ, ೧೯೨೯ರ ನಂತರ ಅಧ್ಯಕ್ಷ ಹೂವರ್ ಮುಂತಾದವರು ಸೌಮ್ಯವಾದ ‘ಡಿಪ್ರೆಷನ್’ ಎಂಬುದನ್ನು ಬಳಸಿದರು. ಮುಂದೆ ಅದೇ ಎಲ್ಲಕ್ಕಿಂತ ಭಯಂಕರವಾದ ಹೆಸರಾಗಿ, ೧೯೩೭ರ ಇಳಿತಕ್ಕೆ ‘ರಿಸೆಷನ್’ ಎಂಬ ಇನ್ನೂ ಮೆದುವಾದ ಮಾತು ಬೇಕಾಯಿತು. ಕನ್ನಡದಲ್ಲಿ ನಾವಿದನ್ನು ಹಿಂಜರಿತ ಎನ್ನುತ್ತೇವೆ. ಗಾಳಿಯ ಕುಸಿತಕ್ಕೆ ಇರುವಂಥ ಖಚಿತ ಅಳತೆ ಪೇಟೆಯ ಕುಸಿತಕ್ಕೆ ಇಲ್ಲ. ಉತ್ಪತ್ತಿ ಹತ್ತರಲ್ಲಿ ಒಂದು ಪಾಲು ಇಳಿದರೆ, ಅಥವಾ ಇಳಿತ ಎರಡು ಮೂರು ವರ್ಷ ಮುಂದುವರಿದರೆ ಅದನ್ನು ‘ಡಿಪ್ರೆಷನ್’ ಎನ್ನುವುದು ರೂಢಿ.

೧೯೨೯ರ ಅಕ್ಟೋಬರ್ ೨೯, ಮಂಗಳವಾರ, ನ್ಯೂಯಾರ್ಕಿನ ಷೇರು ಪೇಟೆ ಕುಸಿಯಿತು. ಎಪ್ಪತ್ತು ವರ್ಷಗಳ ಬಳಿಕ ಒರಿಸ್ಸಾಕ್ಕೆ ಚಂಡಮಾರುತ ಬಡಿದುದೂ ಇದೇ ತಾರೀಖಿಗೆ, ಕೇವಲ ಕಾಕತಾಳೀಯ. ಒರಿಸ್ಸಾದ ಬಿರುಗಾಳಿ ದಿನಗಳಲ್ಲಿ ತಣಿಯಿತು. ನ್ಯೂಯಾರ್ಕಿನ ಕುಸಿತವೋ ಮೂರು ವರ್ಷ ಇಳಿಯುತ್ತಲೇ ಹೋಯಿತು. ೧೯೨೯ರ ಸೆಪ್ಟೆಂಬರಿನಲ್ಲಿ ನೂರು ರೂಪಾಯಿಯಷ್ಟು ಬೆಲೆಯಿದ್ದ ಪ್ರಮುಖ ಷೇರುಗಳು ೧೯೩೨ರ ಜುಲೈ ಹೊತ್ತಿಗೆ ಸರಾಸರಿ ಹನ್ನೊಂದು ರೂಪಾಯಿಗೆ ಇಳಿದಿದ್ದವೆಂದರೆ ಅದರ ಆಳ ತಿಳಿದೀತು. ಸುಮಾರು ಒಂಬತ್ತು ಸಾವಿರ ಬ್ಯಾಂಕುಗಳು ಮುಳುಗಿದವು. ೧೯೩೩ರಲ್ಲಿ ಅಮೆರಿಕದ ದುಡಿಮೆಗಾರರಲ್ಲಿ ನಾಲ್ವರಿಗೊಬ್ಬನಿಗೆ ಕೆಲಸವಿರಲಿಲ್ಲ. ಲೋಕದ ದೇಶಗಳು ತಮ್ಮ ತಮ್ಮ ಸುಂಕದ ಗೋಡೆಗಳನ್ನು ಎತ್ತರಿಸಿದುದರಿಂದ ಜಗತ್ತಿನ ವ್ಯಾಪಾರದ ಮೊತ್ತ ೧೯೩೩ರ ಹೊತ್ತಿಗೆ ೧೯೨೯ರದರ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಅರ್ಥಶಾಸ್ತ್ರಜ್ಞ ಕಿಂಡಲ್‌ಬರ್ಗರ್ ಅವರ ೧೯೭೩ರ ಪುಸ್ತಕದಲ್ಲಿ ಇದರ ಚಿತ್ರವೊಂದಿದೆ: ತಿಂಗಳಿಂದ ತಿಂಗಳಿಗೆ ಕುಗ್ಗುತ್ತ ಸುತ್ತುಸುತ್ತಾಗಿ ಒಳಕ್ಕೆ ಇಳಿಯುವ ಗೆರೆ. ನೋಡಿದವರು ಅದನ್ನು ಚಂಡಮಾರುತದ ನಕ್ಷೆಯೆಂದೇ ಭ್ರಮಿಸಬಹುದು.

ಹೋಲಿಕೆ ಅಲ್ಲಿಗೆ ಮುಗಿಯಿತು. ಅಂದಿನ ದೊಡ್ಡ ದೊಡ್ಡ ಪಂಡಿತರು ನಂಬಿದ್ದೇನೆಂದರೆ, ಪೇಟೆಯೂ ನೀರಿನಂತೆ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ. ಬೆಲೆ ಇಳಿದರೆ ಕೊಳ್ಳುವವರು ಬಂದೇ ಬರುವರು. ಕೂಲಿ ಇಳಿದರೆ ಕೆಲಸ ಕೊಡುವವರು ಬಂದೇ ಬರುವರು. ಸರಕಾರ ನಡುವೆ ಕೈಹಾಕದೆ ಸುಮ್ಮನಿದ್ದರೆ ಸಾಕು ಎಂದು. ನಡೆದುದು ಬೇರೆ. ಕೆಲಸ ಹೋದವನು ಅಂಗಡಿಗೆ ಬರಲಿಲ್ಲ. ಅಂಗಡಿಯವನು ಕಾರ್ಖಾನೆಗೆ ಬೇಡಿಕೆ ಕಳುಹಿಸಲಿಲ್ಲ. ಕಾರ್ಖಾನೆ ಇನ್ನಷ್ಟು ಜನರನ್ನು ಬಿಡಿಸಿತು. ಇದನ್ನೆಲ್ಲ ಕಂಡ ಠೇವಣಿದಾರ ಬ್ಯಾಂಕಿಗೆ ಓಡಿ ಹಣವನ್ನು ಹಿಂದಕ್ಕೆ ತೆಗೆದ. ಬ್ಯಾಂಕು ಕೊಟ್ಟ ಸಾಲವನ್ನು ಹಿಂದಕ್ಕೆ ಕೇಳಿತು. ಗಾಳಿ ತಗ್ಗಿನ ಕಡೆಗೆ ಬೀಸುತ್ತದೆ, ನೀರು ತಗ್ಗಿನ ಕಡೆಗೆ ಹರಿಯುತ್ತದೆ. ಹಣ ಮಾತ್ರ ತಗ್ಗನ್ನು ಕಂಡರೆ ದಿಣ್ಣೆಯ ಕಡೆಗೆ ಓಡುತ್ತದೆ. ಭಯಪಟ್ಟ ಹಣ ಪೆಟ್ಟಿಗೆಯೊಳಗೆ ಅಡಗುತ್ತದೆ.

ನಮ್ಮ ನಾಡಿಗೆ ತಟ್ಟಿದ ಬಗೆ

ನ್ಯೂಯಾರ್ಕಿನ ಕುಸಿತ ಭಾರತದ ಹೊಲಕ್ಕೆ ಬಂದು ಮುಟ್ಟಲು ಹೆಚ್ಚು ಕಾಲ ಹಿಡಿಯಲಿಲ್ಲ. ಎರಡು ಮೂರು ವರ್ಷಗಳಲ್ಲಿ ಬೆಳೆಯ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಕಂದಾಯವನ್ನು ಸರಕಾರಕ್ಕೆ ಸಲ್ಲಿಸಬೇಕಾದುದು ನಗದಿನಲ್ಲಿ. ಸಾಹುಕಾರನ ಬಡ್ಡಿಯೂ ನಗದಿನಲ್ಲಿ. ಹತ್ತು ಮೂಟೆ ಮಾರಿ ತೀರಿಸುತ್ತಿದ್ದ ಸಾಲಕ್ಕೆ ಇಪ್ಪತ್ತು ಮೂಟೆ ಮಾರಬೇಕಾಯಿತು. ಸಾಲ ಬೆಳೆಯದೆಯೇ ಇಮ್ಮಡಿಯಾಯಿತೆಂಬುದು ಒಗಟಿನಂತಿದ್ದರೂ ನಿಜ. ಬರ್ಮಾದಲ್ಲಿ ಅಕ್ಕಿಯ ಬೆಲೆ ಕುಸಿದು, ತೆರಿಗೆ ಮಾತ್ರ ತಗ್ಗದೆ, ೧೯೩೦ರ ಡಿಸೆಂಬರಿನಲ್ಲಿ ರೈತರ ದಂಗೆಯೇ ಎದ್ದಿತು. ನಮ್ಮಲ್ಲಿ ೧೯೩೧ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ನಾಣ್ಯವನ್ನು ಚಿನ್ನದಿಂದ ಬಿಡಿಸಿಕೊಂಡಾಗ ಚಿನ್ನದ ಬೆಲೆ ಏರಿತು. ಹಳ್ಳಿಯ ಹೆಣ್ಣುಮಕ್ಕಳ ಬಳೆ, ಸರ, ಡಾಬುಗಳು ಪೇಟೆಗೆ ಬಂದು, ಕರಗಿ, ಮುಂಬಯಿಯ ಬಂದರಿನಿಂದ ಹಡಗೇರಿದವು. ಅಂದಿನವರು ಅದನ್ನು ಸಂಕಟದ ಚಿನ್ನವೆಂದರು. ದೇಶದಲ್ಲಿ ಹಣವಿಲ್ಲದ ಹೊತ್ತಿನಲ್ಲಿ ಚಿನ್ನ ದೇಶವನ್ನು ಬಿಟ್ಟು ಹೊರಟಿತ್ತು. ಹರಿದ ದಿಕ್ಕನ್ನು ಗಮನಿಸಿ!

ತಿಂಗಳ ಸಂಬಳ ಬರುತ್ತಿದ್ದ ಪಟ್ಟಣದ ಸಂಸಾರಕ್ಕೆ ಆ ವರ್ಷಗಳು ಅಷ್ಟೇನೂ ಕೆಟ್ಟವಾಗಿರಲಿಲ್ಲವೆಂಬುದು ಗಮನಾರ್ಹ. ಅಕ್ಕಿ ಅಗ್ಗ, ಬೇಳೆ ಅಗ್ಗ, ತುಪ್ಪ ಅಗ್ಗ. ಊರಿನಿಂದ ಬಂದ ನಂಟ ಒಡವೆ ಮಾರಲು ಅಕ್ಕಸಾಲಿಯ ವಿಳಾಸ ಕೇಳಿದರೆ ಅವನ ಮನೆಗೆಲಸದ ಹುಳುಕೆಂದು ತಿಳಿಯುವುದು ಸುಲಭವಾಗಿತ್ತು. ದಿಣ್ಣೆಯ ಮೇಲೆ ಇದ್ದವನ ಕಣ್ಣಿಗೆ ತಗ್ಗು ಕಾಣಿಸದು. ಪೇಟೆಯ ತಗ್ಗಿಗಂತೂ ನಕ್ಷೆಯೂ ಇಲ್ಲ, ವಾರ್ತೆಯ ಮುನ್ಸೂಚನೆಯೂ ಇಲ್ಲ.

ಕಾಫಿಯ ಕಥೆಯನ್ನೂ ಇಲ್ಲಿ ಹೇಳಬೇಕು. ಬೆಲೆ ಉಳಿಸಿಕೊಳ್ಳಲೆಂದು ಬ್ರೆಜಿಲ್ ದೇಶವು ೧೯೩೧ರಿಂದ ೧೯೪೪ರ ವರೆಗೆ ಏಳೂವರೆ ಕೋಟಿಗೂ ಹೆಚ್ಚು ಚೀಲ ಕಾಫಿಯನ್ನು ನಾಶಮಾಡಿತು. ಕೊಡಗು, ಚಿಕ್ಕಮಗಳೂರುಗಳ ಬೆಳೆಗಾರರಿಗೂ ಇಳಿದ ಬೆಲೆ ಬಿಡಲಿಲ್ಲ. ಹೊರಗೆ ಕೊಳ್ಳುವವರಿಲ್ಲದಿದ್ದರೆ ನಮ್ಮ ದೇಶದವರಿಗೇ ಕಾಫಿಯ ರುಚಿ ಹಿಡಿಸೋಣವೆಂದು ೧೯೩೫ರ ಕಾನೂನಿನ ಮೇರೆಗೆ ಕಾಫಿ ಸೆಸ್ ಸಮಿತಿ ಏರ್ಪಟ್ಟಿತು. ಅದು ೧೯೩೬ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲನೆಯ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಆ ಪರಂಪರೆಯೇ ಮುಂದೆ ಕಾಫಿ ಮಂಡಳಿಗೆ ಬಂದು, ೧೯೫೭ರಲ್ಲಿ ಬೆಂಗಳೂರಿನಲ್ಲಿ ನೌಕರರ ಸಹಕಾರ ಸಂಘದ ಕೈಸೇರಿತು. ಅಲ್ಲಿ ಕುಳಿತು ಬಿಸಿ ಕಾಫಿ ಹೀರುವವರು ಮಹಾ ಮುಗ್ಗಟ್ಟಿಗೆ ಅಷ್ಟರಮಟ್ಟಿಗೆ ಋಣಿಗಳು. ಕೊಳ್ಳುವವರನ್ನು ಹುಟ್ಟಿಸಿದಲ್ಲದೆ ತಗ್ಗು ತುಂಬದೆಂಬುದನ್ನು ಆ ಸಮಿತಿಯವರು ತಮ್ಮ ಮಟ್ಟಿಗೆ ಕಂಡುಕೊಂಡಿದ್ದರು.

ತುಂಬುವವರು ಯಾರು?

ಇದನ್ನೇ ಶಾಸ್ತ್ರವಾಗಿ ಹೇಳಿದವರು ಕೇನ್ಸ್. ಯೌವನದಲ್ಲಿ ಲಂಡನ್ನಿನ ಇಂಡಿಯಾ ಕಚೇರಿಯಲ್ಲಿ ಕೆಲಸ ಮಾಡಿ, ೧೯೧೩ರಲ್ಲಿ ನಮ್ಮ ರೂಪಾಯಿಯ ಮೇಲೆಯೇ ಗ್ರಂಥ ಬರೆದವರು ಅವರು. ೧೯೩೬ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಗ್ರಂಥದ ತಿರುಳು ಗೃಹಿಣಿಯರಿಗೆ ಒಪ್ಪಿಗೆಯಾಗುವುದು ಕಷ್ಟ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಒಂದು ಮನೆಗೆ ಈ ಮಾತು ಸರಿ. ಆದರೆ ಕಷ್ಟಕಾಲವೆಂದು ಎಲ್ಲ ಮನೆಗಳೂ ಒಟ್ಟಿಗೆ ಕೈಬಿಗಿ ಹಿಡಿದರೆ? ನನ್ನ ಖರ್ಚು ಇನ್ನೊಬ್ಬನ ಆದಾಯ. ನಾನು ಹೊಸ ಬಟ್ಟೆ ಕೊಳ್ಳದಿದ್ದರೆ ನೇಕಾರನಿಗೆ ಗಳಿಕೆಯಿಲ್ಲ. ಅವನು ಜೋಡು ಕೊಳ್ಳದಿದ್ದರೆ ಚಮ್ಮಾರನಿಗಿಲ್ಲ. ಎಲ್ಲರೂ ಉಳಿಸಹೊರಟು, ಎಲ್ಲರ ಆದಾಯವೂ ಇಳಿದು, ಕೊನೆಗೆ ಉಳಿತಾಯವೂ ಇಲ್ಲವಾಗುತ್ತದೆ. ಮನೆಯ ಜಾಣತನ ನಾಡಿನ ಕೇಡಾಗುವುದು ಇಂಥ ಸಮಯದಲ್ಲಿಯೇ. ಆಗ ಖರ್ಚು ಮಾಡಬಲ್ಲವರು ಒಬ್ಬರೇ, ಸರಕಾರ. ಮಿಕ್ಕವರು ಹೆದರಿ ಹಿಂದೆಗೆದಾಗ ಅದು ಮುಂದಾಗಿ ಕೆಲಸ ಹುಟ್ಟಿಸಿ ಕೂಲಿ ಕೊಡಬೇಕು.

ಗ್ರಂಥ ಬರುವ ಮೊದಲೇ ಅಧ್ಯಕ್ಷ ರೂಸ್‌ವೆಲ್ಟ್ ೧೯೩೩ರ ಮಾರ್ಚಿನಲ್ಲಿ ಅಧಿಕಾರ ವಹಿಸಿಕೊಂಡು ಈ ಹಾದಿ ಹಿಡಿದಿದ್ದರು. ಬ್ಯಾಂಕುಗಳನ್ನು ಕೆಲದಿನ ಮುಚ್ಚಿ ಪರೀಕ್ಷಿಸಿ ತೆರೆಸಿದರು. ಠೇವಣಿಗಳಿಗೆ ವಿಮೆಯ ಕಾನೂನು ಬಂದಿತು. ಗಿಡ ನೆಡಲು, ದಾರಿ ಮಾಡಲು ಲಕ್ಷಗಟ್ಟಲೆ ಯುವಕರಿಗೆ ಕೂಲಿ ದೊರೆಯಿತು. ಟೆನ್ನೆಸ್ಸೀ ನದಿಯ ಕಣಿವೆಯಲ್ಲಿ ಅಣೆಕಟ್ಟುಗಳು ಎದ್ದವು. ಎಲ್ಲವೂ ಇದರಿಂದಲೇ ಸರಿಹೋಯಿತೆಂದರೆ ಉತ್ಪ್ರೇಕ್ಷೆಯಾದೀತು. ೧೯೩೭ರಲ್ಲಿ ಖರ್ಚನ್ನು ಬೇಗನೆ ತಗ್ಗಿಸಿದುದರಿಂದ ಮತ್ತೆ ಕುಸಿತವಾಯಿತು. ನಿರುದ್ಯೋಗ ಪೂರ್ತಿ ತೊಲಗಿದುದು ಎರಡನೆಯ ಮಹಾಯುದ್ಧದ ವೆಚ್ಚದಿಂದ. ಅದಕ್ಕೂ ಮುಂಚೆ ಜರ್ಮನಿಯಲ್ಲಿ ಅರುವತ್ತು ಲಕ್ಷ ನಿರುದ್ಯೋಗಿಗಳ ಹತಾಶೆಯ ನಡುವೆ ಹಿಟ್ಲರನು ಗದ್ದುಗೆಯೇರಿದ್ದನು. ತಗ್ಗನ್ನು ತುಂಬದೆ ಬಿಟ್ಟರೆ ಅದರಲ್ಲಿ ಏನು ಬಂದು ನಿಲ್ಲುವುದೋ ಹೇಳಲಾಗದು.

ಆ ಪಾಠ ಪೂರ್ತಿ ವ್ಯರ್ಥವಾಗಲಿಲ್ಲ. ೨೦೦೮ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ಅಮೆರಿಕದ ದೊಡ್ಡ ಹಣಕಾಸು ಸಂಸ್ಥೆ ಮುಳುಗಿದಾಗ, ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಬರ್ನಾಂಕೆ ೧೯೩೦ರ ದಶಕದ ಮುಗ್ಗಟ್ಟನ್ನೇ ಜೀವಮಾನವೆಲ್ಲ ಅಭ್ಯಾಸ ಮಾಡಿದ ವಿದ್ವಾಂಸರಾಗಿದ್ದರು. ಹಣದ ಒರತೆಯನ್ನು ಬತ್ತಗೊಡಲಿಲ್ಲ. ಹಿಂಜರಿತ ಬಂದರೂ ಅದು ಮಹಾ ಮುಗ್ಗಟ್ಟಾಗಲ್ಪಡಲಿಲ್ಲ. ನಮ್ಮ ದೇಶದಲ್ಲಿ ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿ ಸಣ್ಣ ಠೇವಣಿದಾರರು ಕಂಗಾಲಾದ ಬಳಿಕ, ೧೯೬೨ರ ಜನವರಿಯಿಂದ ಠೇವಣಿ ವಿಮೆ ಜಾರಿಗೆ ಬಂದಿತು. ಆಗ ಒಬ್ಬರಿಗೆ ೧,೫೦೦ ರೂಪಾಯಿಗಳ ವರೆಗೆ ಇದ್ದ ರಕ್ಷಣೆಯನ್ನು ೨೦೨೦ರಲ್ಲಿ ೫ ಲಕ್ಷಕ್ಕೆ ಏರಿಸಲಾಯಿತು. ಪಾಸ್ ಪುಸ್ತಕದ ಹಿಂದೆ ಸಣ್ಣಕ್ಷರದಲ್ಲಿರುವ ಇಂಥ ಸಂಗತಿಗಳೇ ನಡುರಾತ್ರಿಯಲ್ಲಿ ಜನ ಬ್ಯಾಂಕಿನ ಬಾಗಿಲಿಗೆ ಓಡದಂತೆ ತಡೆಯುವ ಏರಿ.

ಮೂರೂ ಕೂಡಿದ ವರ್ಷ

ಮೂರು ತಗ್ಗುಗಳೂ ಒಂದೆಡೆ ಸೇರಿದರೆ ಏನಾದೀತು? ೧೯೭೩ರಲ್ಲಿ ಅಂಥದೊಂದು ಸಂದರ್ಭ ಒದಗಿತು. ಇಥಿಯೋಪಿಯಾದ ವೊಲ್ಲೋ ಪ್ರಾಂತದ ಪೂರ್ವಕ್ಕೆ ದನಾಕಿಲ್ ಎಂಬ ಸಮುದ್ರಮಟ್ಟಕ್ಕಿಂತ ಕೆಳಗಿನ ಕಡುಬಿಸಿಲ ತಗ್ಗಿದೆ. ಮಳೆ ತಪ್ಪಿ ವೊಲ್ಲೋದ ಬೆಳೆ ಒಣಗಿತು. ರೈತರ ಕೈಯಲ್ಲಿ ಮಾರಲು ಏನೂ ಉಳಿಯಲಿಲ್ಲ. ಇಡೀ ದೇಶದ ಲೆಕ್ಕದಲ್ಲಿ ಧಾನ್ಯಕ್ಕೆ ಅಂಥ ಕೊರತೆಯಿರಲಿಲ್ಲ. ಆದರೂ ಹಸಿದವರ ಪ್ರಾಂತಕ್ಕೆ ಧಾನ್ಯ ಹರಿದುಬರುವುದಿರಲಿ, ಅಲ್ಲಿಂದಲೇ ಕೆಲಮಟ್ಟಿಗೆ ಹೊರಕ್ಕೆ ಹೋಯಿತು. ಹಣವಿಲ್ಲದವನ ಹಸಿವಿಗೆ ಪೇಟೆಯಲ್ಲಿ ಕಿವಿಯಿಲ್ಲ. ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ಇದನ್ನು ಬಿಡಿಸಿ ತೋರಿಸಿದ್ದಾರೆ. ಹತ್ತಾರು ಸಾವಿರ ಜನ ಅಲ್ಲಿ ಸತ್ತರು.

ಅದೇ ವರ್ಷ ಮಹಾರಾಷ್ಟ್ರದಲ್ಲಿಯೂ ಭೀಕರ ಬರ. ೧೯೭೨ರಲ್ಲಿ ಮಳೆ ಕೈಕೊಟ್ಟಿತ್ತು. ಜೋಳದ ಹೊಲಗಳು ಬರಿದಾಗಿದ್ದವು. ಸರಕಾರವು ಬೇಡಿ ಬಂದವರಿಗೆಲ್ಲ ಕೆಲಸ ತೆರೆಯಿತು. ೧೯೭೩ರ ಮೇ ತಿಂಗಳಲ್ಲಿ ಸುಮಾರು ಐವತ್ತು ಲಕ್ಷ ಜನ ಗುದ್ದಲಿ ಬುಟ್ಟಿ ಹಿಡಿದು ಕೆರೆ ತೋಡುವ, ಬದು ಹಾಕುವ, ದಾರಿ ಮಾಡುವ ಕಾಮಗಾರಿಗಳಲ್ಲಿದ್ದರು. ವಾರದ ಬಟವಾಡೆ ಅವರ ಕೈಸೇರಿದೊಡನೆ ಧಾನ್ಯದ ವರ್ತಕರು ಊರನ್ನು ಹುಡುಕಿಕೊಂಡು ಬಂದರು. ಕೂಲಿ ಸಣ್ಣದು, ಬಿಸಿಲು ದೊಡ್ಡದು, ಹೊಟ್ಟೆ ಪೂರ್ತಿ ತುಂಬಿತೆಂದೂ ಅಲ್ಲ. ಆದರೆ ವೊಲ್ಲೋದಲ್ಲಿ ಆದಂಥ ಸಾಮೂಹಿಕ ಸಾವು ಅಲ್ಲಿ ಆಗಲಿಲ್ಲ. ಹಣವನ್ನು ಕೈಹಿಡಿದು ತಗ್ಗಿಗೆ ಇಳಿಸಿದ ಮೇಲೆ ಧಾನ್ಯ ತಾನಾಗಿ ಅದರ ಹಿಂದೆ ನಡೆದುಬಂದಿತು.

ಬರದ ಕಾಮಗಾರಿಯಲ್ಲಿ ಕೆರೆ ತೋಡಿಸುವುದು ನಮ್ಮ ಕಡೆ ಹೊಸದೇನಲ್ಲ. ಹೂಳೆತ್ತುವ ಕೂಲಿಯಿಂದ ಒಂದು ಬೇಸಗೆಯನ್ನು ಕಳೆದ ಮನೆತನಗಳು ಬಯಲುಸೀಮೆಯ ಊರೂರಿನಲ್ಲಿ ಇವೆ. ಮಹಾರಾಷ್ಟ್ರದ ಆ ಕೂಲಿಗಾರರು ತೋಡಿದುದೂ ತಗ್ಗನ್ನೇ. ೧೯೭೩ರ ಜೂನಿನಲ್ಲಿ ಮುಂಗಾರು ಬಂದಿತು. ಆ ತಗ್ಗುಗಳನ್ನು ತುಂಬಲು ನೀರಿಗೆ ಯಾರೂ ಬಟವಾಡೆ ಮಾಡಬೇಕಾಗಲಿಲ್ಲ.